ಜೋರು, ಖಡಕ್, ದಬ್ಬಾಳಿಕೆ, ಸರ್ವಾಧಿಕಾರ: ಯಾರಿಗೆ ಯಾವ ಪದ?

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ನಮ್ಮ ವಿಭಾಗದ ಮುಖ್ಯಸ್ಥರ ಮೇಲೆ ದೂರು ಬರೆದುಕೊಟ್ಟಿದ್ದೆ. ಎರಡು ಪುಟ. ಅದರಲ್ಲಿ ಸರ್ವಾಧಿಕಾರಿ ಎನ್ನುವ ಪದ ನಾಲ್ಕು ಸಲ ಬಂದಿತ್ತು, ಹಿಟ್ಲರ್ ಒಂದು ಸಲ. ಮೇಲಿನವರು ಓದಿ, "ಅವರು ಸ್ವಲ್ಪ ಕಟ್ಟುನಿಟ್ಟು, ಅಷ್ಟೇ. ಅಡ್ಜಸ್ಟ್ ಮಾಡಿಕೊಳ್ಳಿ" ಎಂದು ಕಾಗದ ವಾಪಸ್ ಕೊಟ್ಟರು. ಸ್ವಲ್ಪ ದಿನ ಆದಮೇಲೆ ನನ್ನ ಪಕ್ಕ ಕೂರುತ್ತಿದ್ದವರು ಅರ್ಧ ಪುಟ ಬರೆದರು. ರಜೆ ಕೇಳಿದವರನ್ನು ಎಲ್ಲರೆದುರು ನಿಲ್ಲಿಸಿ ಕಾರಣ ಹೇಳಿಸುತ್ತಾರೆ, ಸಭೆಯಲ್ಲಿ ಪ್ರಶ್ನೆ ಕೇಳಿದ ಇಬ್ಬರನ್ನು ಮರುದಿನವೇ ಬೇರೆ ಕೆಲಸಕ್ಕೆ ಹಾಕಿದರು, ತಾವು ಮಾತ್ರ ಯಾವ ನಿಯಮವನ್ನೂ ಪಾಲಿಸುವುದಿಲ್ಲ. ಇಷ್ಟೇ ಇತ್ತು ಅದರಲ್ಲಿ. ಬೈಗುಳ ಒಂದೂ ಇಲ್ಲ. ವಿಚಾರಣೆ ನಡೆದದ್ದು ಆ ಕಾಗದದ ಮೇಲೆ.

ನನ್ನ ಪದ ಜಾಸ್ತಿ ದೊಡ್ಡದಾಗಿತ್ತು, ಮೇಲಿನವರ ಪದ ತೀರಾ ಚಿಕ್ಕದಾಗಿತ್ತು. ನಡೆದದ್ದು ಏನು ಎನ್ನುವುದು ಈ ಎರಡು ಪದಗಳ ನಡುವೆ ಎಲ್ಲೋ ಕಳೆದುಹೋಗಿತ್ತು. ಅವತ್ತಿನಿಂದ ಈ ಪದಗಳ ಮೇಲೆ ನನಗೆ ಒಂದು ಕಣ್ಣು. ಇನ್ನೊಬ್ಬರನ್ನು ಆಳುವವರಿಗೆ, ಅಂಕೆಯಲ್ಲಿ ಇಟ್ಟುಕೊಳ್ಳುವವರಿಗೆ, ಮಾತೆತ್ತಲು ಬಿಡದವರಿಗೆ ಕನ್ನಡದಲ್ಲಿ ಪದಗಳು ಬೇಕಾದಷ್ಟಿವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕಥೆ ಬರೆಯುವವರಿಗೆ, ವರದಿ ಬರೆಯುವವರಿಗೆ, ದೂರು ಕೊಡುವವರಿಗೆ, ಮನೆಯಲ್ಲಿ ನಡೆಯುತ್ತಿರುವುದಕ್ಕೆ ಏನೆಂದು ಕರೆಯಬೇಕೋ ತಿಳಿಯದೆ ಒದ್ದಾಡುವವರಿಗೆ, ಎಲ್ಲರಿಗೂ ಇದು ಉಪಯೋಗಕ್ಕೆ ಬರಲಿ ಎಂದು ನಾನು ಅನುಸರಿಸುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಪದ ಹುಡುಕುವ ಮೊದಲು ಮೂರು ಪ್ರಶ್ನೆ

ಸಿಟ್ಟು ಬಂದಾಗ ಬಾಯಿಗೆ ಮೊದಲು ಬರುವುದು ದೊಡ್ಡ ಪದವೇ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಇವನ್ನು ಕೇಳಿಕೊಳ್ಳಿ.

ಅವರು ಹಾಕಿದ ನಿಯಮ ಅವರಿಗೂ ಅನ್ವಯಿಸುತ್ತದಾ?

"ಆಗುವುದಿಲ್ಲ" ಎಂದವರಿಗೆ ಏನಾಗುತ್ತದೆ? ಬರೀ ಬೈಗುಳವಾ, ಕೆಲಸ ಹೋಗುತ್ತದಾ, ಅನ್ನ ನೀರು ನಿಲ್ಲುತ್ತದಾ, ಜೈಲಾ, ಜೀವವೇ ಹೋಗುತ್ತದಾ?

ಅವರ ಮೇಲೆ ಯಾರಾದರೂ ಇದ್ದಾರಾ? ಅಂದರೆ ಅವರ ತೀರ್ಮಾನ ತಪ್ಪು ಎನಿಸಿದರೆ ಅದನ್ನು ತಿದ್ದಿಸಲು ಇನ್ನೊಂದು ಬಾಗಿಲು ಇದೆಯಾ?

ಮೂರಕ್ಕೂ ಉತ್ತರ ಸಿಕ್ಕರೆ ಪದ ಅರ್ಧ ಸಿಕ್ಕಂತೆಯೇ. ನಿಯಮ ಅವರಿಗೂ ಇದೆ, ಒಪ್ಪದವರಿಗೆ ಹೆಚ್ಚೆಂದರೆ ಬೈಗುಳ, ಮೇಲೆ ಕೇಳುವವರೂ ಇದ್ದಾರೆ ಎಂದಾದರೆ ಅದು ಶಿಸ್ತಿನ ಕಡೆಯದು. ನಿಯಮ ಬೇರೆಯವರಿಗೆ ಮಾತ್ರ, ಒಪ್ಪದಿದ್ದರೆ ನಷ್ಟ, ಆದರೆ ಮೇಲೆ ದೂರು ಕೊಡಬಹುದು ಎಂದಾದರೆ ದಬ್ಬಾಳಿಕೆ. ಮೇಲೆ ಯಾರೂ ಇಲ್ಲ, ಇದ್ದ ಬಾಗಿಲನ್ನೂ ಅವರೇ ಮುಚ್ಚಿದ್ದಾರೆ ಎಂದಾದರೆ ಮಾತ್ರ ಸರ್ವಾಧಿಕಾರ. ಮೂರನೇ ಪ್ರಶ್ನೆಯನ್ನು ನಾವು ಕೇಳುವುದೇ ಕಮ್ಮಿ, ಆದರೆ ಅದೇ ಎಲ್ಲಕ್ಕಿಂತ ಮುಖ್ಯ.

ಹೆಜ್ಜೆ 2: ಬೈಗುಳವಲ್ಲದ ಪದಗಳನ್ನು ಮೊದಲು ನೋಡಿ

ಕಟ್ಟುನಿಟ್ಟು ಬೈಗುಳವಲ್ಲ. ಅವರು ಸಮಯಕ್ಕೆ ಸರಿಯಾಗಿ ಬರುತ್ತಾರೆ, ನೀವೂ ಬರಬೇಕು ಎನ್ನುತ್ತಾರೆ. ನಿಷ್ಠುರ ಎಂದರೆ ಮುಖ ನೋಡಿ ಮಾತಾಡದವರು. ಸ್ನೇಹಿತನಾದರೂ ತಪ್ಪು ತಪ್ಪೇ ಎಂದು ಹೇಳುವವರು. ಇದರಲ್ಲಿ ಸ್ವಲ್ಪ ಮೆಚ್ಚುಗೆಯೂ ಇದೆ, ಸ್ವಲ್ಪ ನೋವೂ ಇದೆ. ಖಡಕ್ ಪತ್ರಿಕೆಗಳಿಗೆ ಪ್ರೀತಿಯ ಪದ, ಖಡಕ್ ಅಧಿಕಾರಿ ಎಂದರೆ ಲಂಚ ಮುಟ್ಟದ, ಯಾರಿಗೂ ಬಗ್ಗದ ಅಧಿಕಾರಿ ಎಂದೇ ಓದುಗರು ಓದುತ್ತಾರೆ. ಹಾಗಾಗಿ ಕೆಳಗಿನವರನ್ನು ಸುಮ್ನೆ ಹಿಂಸಿಸುವವರಿಗೆ ಖಡಕ್ ಎಂದು ಬರೆದರೆ ನೀವು ಅವರನ್ನು ಹೊಗಳಿದಂತೆ ಆಗುತ್ತದೆ. ಇದನ್ನು ನಾನು ಎಷ್ಟೋ ವರದಿಗಳಲ್ಲಿ ಕಂಡಿದ್ದೇನೆ, ಬೇಸರವಾಗುತ್ತದೆ.

ಜೋರು ಬರೀ ದನಿಯ, ಸ್ವಭಾವದ ಮಾತು. ಜೋರು ಇರುವವರೆಲ್ಲ ಇನ್ನೊಬ್ಬರನ್ನು ಹಿಡಿತದಲ್ಲಿ ಇಟ್ಟುಕೊಂಡಿರುವುದಿಲ್ಲ. ಮೆತ್ತಗೆ ಮಾತಾಡುತ್ತಲೇ ಇಡೀ ಮನೆಯನ್ನು ಬೆರಳ ತುದಿಯಲ್ಲಿ ಕುಣಿಸುವವರೂ ಇದ್ದಾರೆ, ಅಲ್ವಾ? ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಯಜಮಾನ, ಒಡೆಯ, ಧಣಿ, ದೊರೆ ಇವು ಸ್ಥಾನದ ಹೆಸರುಗಳು. ಯಜಮಾನ ಎಂದರೆ ಮೂಲದಲ್ಲಿ ಯಜ್ಞ ಮಾಡಿಸುವವನು, ಆಮೇಲೆ ಮನೆಯ ಹಿರಿಯ, ಆಮೇಲೆ ಮಾಲೀಕ. ಇವು ತಾವಾಗಿಯೇ ಕೆಟ್ಟ ಅರ್ಥ ಕೊಡುವುದಿಲ್ಲ. ಆದರೆ ಯಜಮಾನಿಕೆ ಎಂದ ತಕ್ಷಣ ದನಿ ಬದಲಾಗುತ್ತದೆ. "ಅವರು ನಮ್ಮ ಯಜಮಾನರು" ಎಂದರೆ ಗೌರವ, "ಅವರ ಯಜಮಾನಿಕೆ ನಮಗೆ ಬೇಡ" ಎಂದರೆ ಜಗಳ. ಬಾಸ್ ಕಥೆಯೂ ಹೀಗೆಯೇ. ಡಚ್ ಭಾಷೆಯ ಬಾಸ್, ಅಂದರೆ ಒಡೆಯ, ಇಂಗ್ಲಿಷಿನ ಮೂಲಕ ನಮಗೆ ಬಂತು. ಈಗ ಪರಿಚಯ ಇಲ್ಲದವರನ್ನೂ "ಏನ್ ಬಾಸ್" ಎಂದು ಕರೆಯುತ್ತೇವೆ, ಒಡೆತನದ ವಾಸನೆಯೇ ಇಲ್ಲ.

ಹೆಜ್ಜೆ 3: ದರ್ಪ ಬೇರೆ, ದಬ್ಬಾಳಿಕೆ ಬೇರೆ

ಅಹಂಕಾರ ಒಬ್ಬರೊಳಗೇ ಇರಬಹುದು. ಕೋಣೆಯಲ್ಲಿ ಒಬ್ಬರೇ ಕೂತಿದ್ದರೂ ಅಹಂಕಾರಿಯಾಗಿರಬಹುದು. ದರ್ಪಕ್ಕೆ ಎದುರಿಗೆ ಒಬ್ಬರು ಬೇಕು, ಅದು ತೋರಿಸುವಂಥದ್ದು. ಗತ್ತು ಅದಕ್ಕಿಂತ ಹಗುರ, ನಡಿಗೆಯಲ್ಲಿ, ಕುರ್ಚಿ ಎಳೆದುಕೊಳ್ಳುವ ರೀತಿಯಲ್ಲಿ ಕಾಣುತ್ತದೆ, ಕೆಲವೊಮ್ಮೆ ಮೆಚ್ಚುಗೆಯ ಮಾತೂ ಹೌದು. ದಬ್ಬಾಳಿಕೆಯಲ್ಲಿ ಮಾತ್ರ ಎದುರಿಗಿರುವವರಿಗೆ ನಷ್ಟ ಇರಲೇಬೇಕು. ನಷ್ಟ ಏನೆಂದು ನೀವು ಹೇಳಲಾರಿರಿ ಎಂದಾದರೆ ಆ ಪದ ಇನ್ನೂ ಬೇಡ.

ಜಬರ್ದಸ್ತು ನನಗೆ ಇಷ್ಟವಾದ ಪದ. ಪಾರಸಿಯಲ್ಲಿ ಜಬರ್ ಎಂದರೆ ಮೇಲೆ, ದಸ್ತ್ ಎಂದರೆ ಕೈ. ಮೇಲುಗೈ! ಕೈ ಯಾರದ್ದು ಮೇಲಿದೆ ಎನ್ನುವುದೇ ಎಲ್ಲ. "ಜಬರ್ದಸ್ತಿಯಿಂದ ಸಹಿ ಹಾಕಿಸಿಕೊಂಡರು" ಎಂದರೆ ಒಪ್ಪಿಗೆ ಇರಲಿಲ್ಲ ಎನ್ನುವುದು ಆ ಒಂದೇ ಪದದಲ್ಲಿ ಬಂದುಬಿಡುತ್ತದೆ. ಹಾಗಾಗಿ ಒಂದು ನಿರ್ದಿಷ್ಟ ಕೆಲಸವನ್ನು ಬಲವಂತದಿಂದ ಮಾಡಿಸಿದಾಗ ಇದನ್ನು ಬಳಸಿ. ವರ್ಷಗಟ್ಟಲೆ ನಡೆದದ್ದಕ್ಕೆ ದಬ್ಬಾಳಿಕೆ ಸರಿ.

ಇದೇ ದಾರಿಯಲ್ಲಿ ಬಂದ ಇನ್ನೂ ಕೆಲವು ಇವೆ. ಹುಕುಂ, ಫರ್ಮಾನು, ದರ್ಬಾರು, ಕಾರುಬಾರು, ಜುಲುಮೆ. ಇವೆಲ್ಲ ಅರಬಿ, ಪಾರಸಿಯಿಂದ ಬಂದವು, ಆಡಳಿತದ ಭಾಷೆಯಾಗಿ ಬಂದು ನಮ್ಮ ಬೀದಿ ಮಾತಾದವು. ರಾಜನ ಆಜ್ಞೆಯಾಗಿದ್ದ ಫರ್ಮಾನು ಈಗ "ಏನೋ ಫರ್ಮಾನು ಹೊರಡಿಸಿದ್ದಾರೆ" ಎನ್ನುವಾಗ ಅಸಮಾಧಾನದ ಪದ. ದರ್ಬಾರು ಮಾಡು ಎನ್ನುವುದರಲ್ಲಿ ಕ್ರೌರ್ಯ ಇಲ್ಲ, ತನ್ನದಲ್ಲದ ಜಾಗದಲ್ಲಿ ತನ್ನದೇ ಎಂಬಂತೆ ನಡೆದುಕೊಳ್ಳುವುದು ಇದೆ. ಕಾರುಬಾರು ಇನ್ನೂ ಮೆತ್ತಗೆ, "ಈಗ ಅಲ್ಲಿ ಅವರದ್ದೇ ಕಾರುಬಾರು" ಎಂದರೆ ಎಲ್ಲವೂ ಅವರ ಕೈಯಲ್ಲಿ ನಡೆಯುತ್ತದೆ ಎಂದಷ್ಟೇ. ಈ ಮೆಟ್ಟಿಲುಗಳನ್ನು ಕಿವಿಯಿಂದ ಕಲಿಯಬೇಕು. ಗಟ್ಟಿಯಾಗಿ ಓದಿ ನೋಡಿ, ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತದೆ.

ಹೆಜ್ಜೆ 4: ದೇಶ ಆಳಿದವರಿಗೆ ಇರುವ ಪದಗಳನ್ನು ಸರಿಯಾಗಿ ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಜಾಸ್ತಿ ಗೊಂದಲ ಇರುವುದು ಇಲ್ಲೇ.

ಸರ್ವಾಧಿಕಾರಿ ಎನ್ನುವುದನ್ನು ನಾವು ಇಂಗ್ಲಿಷಿನ ಡಿಕ್ಟೇಟರ್‌ಗೆ ಸಮನಾಗಿ ಬಳಸುತ್ತೇವೆ. ಆ ಡಿಕ್ಟೇಟರ್ ಮೊದಲು ಬೈಗುಳವೇ ಆಗಿರಲಿಲ್ಲ. ಹಳೆಯ ರೋಮ್‌ನಲ್ಲಿ ಅದು ಕಾನೂನು ಒಪ್ಪಿದ ಹುದ್ದೆ. ಯುದ್ಧದಂಥ ಕಷ್ಟ ಬಂದಾಗ ಒಬ್ಬರಿಗೆ ಎಲ್ಲ ಅಧಿಕಾರ ಕೊಡುತ್ತಿದ್ದರು, ಹೆಚ್ಚೆಂದರೆ ಆರು ತಿಂಗಳಿಗೆ. ಕ್ರಿ.ಪೂ. 458ರಲ್ಲಿ ಸಿನ್ಸಿನಾಟಸ್ ಎಂಬವನಿಗೆ ಹೀಗೆ ಅಧಿಕಾರ ಸಿಕ್ಕಿತು, ಶತ್ರುವನ್ನು ಸೋಲಿಸಿ ಸುಮಾರು ಎರಡು ವಾರದಲ್ಲೇ ಅದನ್ನು ಬಿಟ್ಟು ತನ್ನ ಹೊಲಕ್ಕೆ ಹೋದ ಎಂದು ರೋಮನ್ನರು ಅವನ ಕಥೆ ಹೇಳುತ್ತಿದ್ದರು. ಕ್ರಿ.ಪೂ. 82ರಲ್ಲಿ ಸುಲ್ಲಾ ಅವಧಿಯ ಮಿತಿಯೇ ಇಲ್ಲದೆ ಆ ಹುದ್ದೆ ಹಿಡಿದ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಬದುಕಿರುವವರೆಗೂ ಡಿಕ್ಟೇಟರ್ ಎನಿಸಿಕೊಂಡ, ಅದೇ ವರ್ಷ ಕೊಲೆಯಾದ. ಅಧಿಕಾರ ಅದೇ, ಹೆಸರು ಅದೇ, ಮಿತಿ ಮಾತ್ರ ಹೋಯಿತು. ಪದ ಕೆಟ್ಟದ್ದು ಅದರಿಂದ.

ನಮ್ಮ ಸರ್ವಾಧಿಕಾರಿಯೂ ಒಂದು ಕಾಲಕ್ಕೆ ಹುದ್ದೆಯ ಹೆಸರೇ. 18ನೇ ಶತಮಾನದ ಮೈಸೂರಿನಲ್ಲಿ ಆಡಳಿತ ನೋಡಿಕೊಳ್ಳುವ ಮುಖ್ಯಸ್ಥನಿಗೆ ಸರ್ವಾಧಿಕಾರಿ ಎನ್ನುತ್ತಿದ್ದರು. ನಂಜರಾಜಯ್ಯ ಆ ಹುದ್ದೆಯಲ್ಲಿದ್ದ, ಆಮೇಲೆ ಹೈದರ್ ಅಲಿಯೂ. ಅಂದರೆ ರಾಜ ಮೇಲಿದ್ದಾಗಲೂ ಸರ್ವಾಧಿಕಾರಿ ಇರಬಹುದಿತ್ತು. ಇವತ್ತಿನ ಅರ್ಥದಲ್ಲಿ ಇರಲಾರ. ಹಳೆಯ ಕಾಲದ ಬಗ್ಗೆ ಬರೆಯುವವರು ಇದನ್ನು ನೆನಪಿಡಿ, ಇಲ್ಲದಿದ್ದರೆ ಓದುಗರು ಹುದ್ದೆಯನ್ನು ಬೈಗುಳ ಎಂದುಕೊಳ್ಳುತ್ತಾರೆ.

ನಿರಂಕುಶ ಇನ್ನೊಂದು. ಇದರಲ್ಲಿ ಅಂಕುಶ ಇದೆ ನೋಡಿ, ಮಾವುತನ ಕೈಯಲ್ಲಿ ಇರುವ ಆ ಕೊಕ್ಕೆ. ಅಂಕುಶ ಇಲ್ಲದ ಆನೆಯೇ ನಿರಂಕುಶ. ನಿರಂಕುಶ ಪ್ರಭು ಎಂದರೆ ತಡೆಯುವವರೇ ಇಲ್ಲದ ಅರಸ. ಅವನು ಕ್ರೂರಿಯೇ ಆಗಿರಬೇಕೆಂದಿಲ್ಲ, ಒಳ್ಳೆಯವನೂ ಇರಬಹುದು, ಆದರೆ ಅವನ ಒಳ್ಳೆಯತನ ನಿಂತದ್ದು ಅವನ ಮನಸ್ಸಿನ ಮೇಲೆ ಮಾತ್ರ. ಇದೇ ಪದ ಹೊಗಳಿಕೆಯೂ ಆಗುತ್ತದೆ. ಕವಿಗಳು ನಿರಂಕುಶರು ಎಂದು ಸಂಸ್ಕೃತದಲ್ಲಿ ಹಳೆಯ ಮಾತಿದೆ. ಯಾರ ಅಂಕೆಗೂ ಸಿಗದೆ ಸ್ವಂತ ಬುದ್ಧಿಯಿಂದ ಯೋಚಿಸುವವರಿಗೆ ನಿರಂಕುಶಮತಿ ಎನ್ನುತ್ತೇವೆ. ಯೋಚನೆಗೆ ಅಂಕುಶ ಇಲ್ಲದಿದ್ದರೆ ಒಳ್ಳೆಯದು, ಅಧಿಕಾರಕ್ಕೆ ಇಲ್ಲದಿದ್ದರೆ ಅಪಾಯ.

ಹಾಗಾದರೆ ವ್ಯತ್ಯಾಸ ಏನು? ನಿರಂಕುಶ ಎನ್ನುವುದು ತಡೆ ಇಲ್ಲ ಎಂದು ಹೇಳುತ್ತದೆ. ಸರ್ವಾಧಿಕಾರಿ ಎನ್ನುವುದು ಎಲ್ಲ ಅಧಿಕಾರವನ್ನೂ ಒಬ್ಬನೇ ಬಾಚಿಕೊಂಡ ಎಂದು ಹೇಳುತ್ತದೆ. ಹುಟ್ಟಿನಿಂದ ಪಟ್ಟಕ್ಕೆ ಬಂದ ಅರಸನಿಗೆ ನಿರಂಕುಶ ಚೆನ್ನಾಗಿ ಹೊಂದುತ್ತದೆ. ಚುನಾವಣೆ, ಸಂಸತ್ತು, ನ್ಯಾಯಾಲಯ ಇದ್ದು, ಅವನ್ನು ಒಂದೊಂದಾಗಿ ಬದಿಗೆ ತಳ್ಳಿದವನಿಗೆ ಸರ್ವಾಧಿಕಾರಿ. ಹಿಟ್ಲರ್ 1933ರ ಜನವರಿಯಲ್ಲಿ ಕಾನೂನುಬದ್ಧವಾಗಿಯೇ ಚಾನ್ಸಲರ್ ಆದ. ಮಾರ್ಚ್‌ನಲ್ಲಿ ಸಂಸತ್ತನ್ನೇ ಕೇಳದೆ ಕಾನೂನು ಮಾಡುವ ಅಧಿಕಾರ ಪಡೆದ. ಎರಡೇ ತಿಂಗಳು! ಬಾಗಿಲು ಮುಚ್ಚುವುದು ಎಂದು ಮೊದಲು ಹೇಳಿದೆನಲ್ಲ, ಅದು ಇದೇ.

ಪ್ರಜಾಪೀಡಕ, ಕ್ರೂರಿ ಇವು ನಡತೆಯ ಮಾತುಗಳು. ಇಂಗ್ಲಿಷಿನ ಟೈರಂಟ್ ಗ್ರೀಕರಲ್ಲಿ ಮೊದಲು ಪದ್ಧತಿ ಮೀರಿ ಅಧಿಕಾರ ಹಿಡಿದವನು ಎಂದಷ್ಟೇ ಆಗಿತ್ತು. ಅಥೆನ್ಸ್‌ನ ಪಿಸಿಸ್ಟ್ರಾಟಸ್ ಹಾಗೆ ಅಧಿಕಾರ ಹಿಡಿದ, ಆದರೂ ಅವನ ಆಳ್ವಿಕೆ ಮೆದುವಾಗಿತ್ತು ಎಂದು ಗ್ರೀಕರೇ ಬರೆದಿದ್ದಾರೆ. ಬಂದ ದಾರಿ ಬೇರೆ, ಆಳಿದ ರೀತಿ ಬೇರೆ. ಅನುವಾದ ಮಾಡುವವರು ಎಲ್ಲ ಕಡೆ ಪ್ರಜಾಪೀಡಕ ಎಂದು ಹಾಕಿದರೆ ಇಲ್ಲದ ಪೀಡೆಯನ್ನು ಸೇರಿಸಿದಂತಾಗುತ್ತದೆ.

ಪಾಳೇಗಾರ ಸಣ್ಣ ಪ್ರಮಾಣದ ಪದ. ಪಾಳೆಯ ಇಟ್ಟುಕೊಂಡವನು, ಸುತ್ತಲ ಒಂದಿಷ್ಟು ಜಾಗ ಅವನದ್ದು, ಮೇಲೆ ಇನ್ನೊಬ್ಬ ದೊರೆ. ಈಗಿನ ಬಳಕೆಯಲ್ಲೂ ಆ ರುಚಿ ಉಳಿದಿದೆ. ಒಂದು ಸಂಘವನ್ನೋ ವಿಭಾಗವನ್ನೋ ತನ್ನ ಅಪ್ಪನ ಆಸ್ತಿ ಎಂಬಂತೆ ನಡೆಸುವವರಿಗೆ ಸರ್ವಾಧಿಕಾರಿಗಿಂತ ಪಾಳೇಗಾರಿಕೆ ಎನ್ನುವುದೇ ಸರಿಯಾಗಿ ಹೊಂದುತ್ತದೆ. ನನ್ನ ಆ ಹಳೆಯ ದೂರಿಗೆ ಬೇಕಾಗಿದ್ದ ಪದ ಬಹುಶಃ ಇದೇ.

ಹೆಜ್ಜೆ 5: ಪದದ ಬಾಲ ನೋಡಿ

ಇದು ಬೇಗ ಮುಗಿಯುವ ಹೆಜ್ಜೆ, ಆದರೆ ತಪ್ಪು ಜಾಸ್ತಿ. ಶಾಹಿ ಎಂದು ಮುಗಿಯುವ ಪದಗಳು ವ್ಯವಸ್ಥೆಗೆ ಸೇರಿದವು: ಅಧಿಕಾರಶಾಹಿ, ಸಾಮ್ರಾಜ್ಯಶಾಹಿ, ವಸಾಹತುಶಾಹಿ, ಪುರೋಹಿತಶಾಹಿ. "ಅವನೊಬ್ಬ ಅಧಿಕಾರಶಾಹಿ" ಎಂದು ಬರೆದರೆ ಕಿವಿಗೆ ಚುಚ್ಚುತ್ತದೆ, "ಅವನು ಅಧಿಕಾರಶಾಹಿಯ ಭಾಗ" ಎನ್ನಬೇಕು. ಕೋರ ಎಂದು ಮುಗಿದರೆ ಮನುಷ್ಯ, ಅದೂ ಕೆಟ್ಟ ಚಟದ ಮನುಷ್ಯ: ದಬ್ಬಾಳಿಕೆಕೋರ, ಲಂಚಕೋರ, ಆಕ್ರಮಣಕೋರ. ಗಾರ ಸಾಮಾನ್ಯವಾಗಿ ಕೆಲಸ ಹೇಳುತ್ತದೆ. ಇಕೆ ನಡತೆಯನ್ನೋ ಸ್ಥಿತಿಯನ್ನೋ ಹೇಳುತ್ತದೆ: ಯಜಮಾನಿಕೆ, ಪಾಳೇಗಾರಿಕೆ. ಏಕಸ್ವಾಮ್ಯವನ್ನು ಏಕಾಧಿಪತ್ಯದ ಜಾಗದಲ್ಲಿ ಹಾಕಬೇಡಿ, ಅದು ಹೆಚ್ಚಾಗಿ ವ್ಯಾಪಾರದ ಪದ, ಒಂದೇ ಕಂಪನಿ ಇಡೀ ಮಾರುಕಟ್ಟೆ ಹಿಡಿದಾಗ ಹೇಳುವಂಥದ್ದು.

ಹೆಜ್ಜೆ 6: ಹೆಸರು ಹಿಡಿದು ಹೋಲಿಸುವಾಗ ಎರಡು ಸಲ ಯೋಚಿಸಿ

ಹಿಟ್ಲರ್ ಎನ್ನುವ ಹೆಸರು ನಮ್ಮ ಬಾಯಲ್ಲಿ ತುಂಬಾ ಅಗ್ಗವಾಗಿದೆ. ಬೇಗ ಎದ್ದು ಓದಿ ಎನ್ನುವ ಮೇಷ್ಟ್ರೂ ಹಿಟ್ಲರ್, ಮೊಬೈಲ್ ಕಿತ್ತಿಟ್ಟ ಅಮ್ಮನೂ ಹಿಟ್ಲರ್. ಅವನ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು. ಆ ಲೆಕ್ಕ ಗೊತ್ತಿದ್ದು ಆ ಹೆಸರನ್ನು ಮೊಬೈಲ್ ಜಗಳಕ್ಕೆ ತರಲು ನನಗೆ ಮನಸ್ಸು ಬರುವುದಿಲ್ಲ. ಇನ್ನೊಂದು ನಷ್ಟವೂ ಇದೆ. ನಾಳೆ ನಿಜವಾಗಿ ಅಂಥವನೊಬ್ಬ ಎದ್ದು ಬಂದರೆ ಅವನಿಗೆ ಕೊಡಲು ನಮ್ಮ ಹತ್ತಿರ ಪದವೇ ಉಳಿದಿರುವುದಿಲ್ಲ. ಫ್ಯಾಸಿಸ್ಟ್ ಕೂಡ ಹೀಗೆಯೇ ಸವೆಯುತ್ತಿದೆ. ಅದು ಇಟಲಿಯಲ್ಲಿ ಮುಸೊಲಿನಿ 1919ರಲ್ಲಿ ಕಟ್ಟಿದ ಚಳವಳಿಯಿಂದ ಬಂದ ಹೆಸರು, ಅದಕ್ಕೊಂದು ರಾಜಕೀಯ ಅರ್ಥ ಇದೆ: ರಾಷ್ಟ್ರವೇ ಎಲ್ಲಕ್ಕಿಂತ ಮೇಲು, ನಾಯಕ ಒಬ್ಬನೇ, ವಿರೋಧಿಗಳ ಮೇಲೆ ಹೊಡೆತ. ಮನೆ ಬಾಡಿಗೆ ಜಾಸ್ತಿ ಮಾಡಿದವರು ಫ್ಯಾಸಿಸ್ಟ್ ಆಗುವುದಿಲ್ಲ.

ತುಘಲಕ್ ದರ್ಬಾರು ಎನ್ನುವುದನ್ನು ಮಾತ್ರ ನಾವು ಸರಿಯಾಗಿ ಬಳಸುತ್ತೇವೆ ಎನಿಸುತ್ತದೆ. ಮುಹಮ್ಮದ್ ಬಿನ್ ತುಘಲಕ್ 1325ರಿಂದ 1351ರವರೆಗೆ ದೆಹಲಿಯ ಸುಲ್ತಾನ. ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿ ಮತ್ತೆ ವಾಪಸ್ ತಂದ. ತಾಮ್ರ, ಹಿತ್ತಾಳೆಯ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕೊಟ್ಟ, ಖೋಟಾ ನಾಣ್ಯ ತುಂಬಿಹೋದಾಗ ಅದನ್ನೂ ಹಿಂದಕ್ಕೆ ಪಡೆದ. ಹಾಗಾಗಿ ಈ ಮಾತಿನ ಒತ್ತು ಕ್ರೌರ್ಯದ ಮೇಲಿಲ್ಲ, ಇವತ್ತೊಂದು ನಾಳೆಯೊಂದು ಆದೇಶದ ಮೇಲಿದೆ. ಯಾರನ್ನೂ ಕೇಳದೆ ತೀರ್ಮಾನ ಮಾಡಿ, ತಿರುಗಿಸಿ, ಮತ್ತೆ ತಿರುಗಿಸುವವರಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಮಾತು ಇನ್ನೊಂದಿಲ್ಲ.

ಪುರಾಣದ ಹೆಸರುಗಳಲ್ಲೂ ಈ ಸೂಕ್ಷ್ಮ ಇದೆ. ಕಂಸ ಎಂದರೆ ಅಧಿಕಾರ ಹೋಗುವ ಹೆದರಿಕೆಯಿಂದ ಹಿಂಸಿಸುವವನು, ಹಿರಣ್ಯಕಶಿಪು ಎಂದರೆ ತನ್ನನ್ನೇ ಪೂಜಿಸಬೇಕು ಎನ್ನುವವನು, ಮಗನಾದರೂ ಬಿಡದವನು. ಹೆದರಿಕೆಯೋ ಪೂಜೆಯೋ ಎಂದು ನೋಡಿ ಹೆಸರು ಆರಿಸಿ.

ಹೆಜ್ಜೆ 7: ಮನೆಯೊಳಗೆ ದೊಡ್ಡ ಪದಗಳು ಕೆಲಸ ಮಾಡುವುದಿಲ್ಲ

ಇದನ್ನು ಬರೆಯಲೇಬೇಕು ಎಂದೇ ನಾನು ಈ ಲೇಖನಕ್ಕೆ ಕೂತದ್ದು. ಯಾರ ಜೊತೆ ಮಾತಾಡಿದೆ ಎಂದು ದಿನಾ ಕೇಳುವುದು, ಸಂಬಳ ಪೂರ್ತಿ ಇಸಿದುಕೊಂಡು ಖರ್ಚಿಗೆ ಲೆಕ್ಕ ಕೇಳಿ ಕೊಡುವುದು, ತವರಿಗೋ ಸ್ನೇಹಿತರ ಮನೆಗೋ ಹೋಗದಂತೆ ಏನಾದರೊಂದು ನೆಪ ತೆಗೆಯುವುದು, ಫೋನಿನ ಪಾಸ್‌ವರ್ಡ್ ಕೇಳುವುದು, ಎಲ್ಲವನ್ನೂ "ನಿನ್ನ ಒಳ್ಳೆಯದಕ್ಕೆ" ಎನ್ನುತ್ತಾ ಮೆತ್ತಗಿನ ದನಿಯಲ್ಲೇ ಮಾಡುವುದು. ಇದರಲ್ಲಿ ಹೊಡೆತ ಇಲ್ಲ, ಕೂಗಾಟ ಇಲ್ಲ. ಸರ್ವಾಧಿಕಾರಿ ಎಂದರೆ ಕೇಳಿದವರು ನಗುತ್ತಾರೆ, ದಬ್ಬಾಳಿಕೆ ಎಂದರೆ "ಹೊಡೀತಾರಾ?" ಎಂದು ಕೇಳುತ್ತಾರೆ. ಕಟ್ಟುನಿಟ್ಟು ಎಂದರೆ ಅನುಭವಿಸುವವರ ನೋವೇ ಮುಚ್ಚಿಹೋಗುತ್ತದೆ.

ಇಲ್ಲಿ ಹಿಡಿತ ಎನ್ನುವ ಸಾದಾ ಪದ ಚೆನ್ನಾಗಿ ಕೆಲಸ ಮಾಡುತ್ತದೆ. ಉಸಿರುಗಟ್ಟಿಸುವ ಹಿಡಿತ ಎನ್ನಬಹುದು. ಅದಕ್ಕಿಂತ ಬಿಗಿಯಾಗಿ ಬೇಕೆಂದರೆ ಕಪಿಮುಷ್ಟಿ, ಕಪಿ ಒಮ್ಮೆ ಹಿಡಿದರೆ ಬಿಡುವುದಿಲ್ಲವಲ್ಲ. ಪ್ರೀತಿ, ಕಾಳಜಿ ಎನ್ನುವ ಪದಗಳನ್ನು ಆ ಹಿಡಿತದ ಜೊತೆ ನೀವೇ ಸೇರಿಸಿ ಬರೆಯಬೇಡಿ, "ಅತಿಯಾದ ಪ್ರೀತಿಯಿಂದ ಹೀಗೆ ಮಾಡುತ್ತಾರೆ" ಎಂದು ಬರೆದರೆ ಹಿಡಿದವರ ಪರವಾಗಿ ನೀವೇ ವಾದ ಮಾಡಿದಂತೆ. ಕಾನೂನು ಕೂಡ ಇದಕ್ಕೊಂದು ಹೆಸರು ಹುಡುಕಲು ತುಂಬಾ ಕಾಲ ತೆಗೆದುಕೊಂಡಿತು. ಹತ್ತಿರದ ಸಂಬಂಧದಲ್ಲಿ ಒಬ್ಬರನ್ನು ಹೀಗೆ ಹಿಡಿತದಲ್ಲಿಟ್ಟು ಬದುಕು ಹಾಳು ಮಾಡುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್ ಪ್ರತ್ಯೇಕ ಅಪರಾಧ ಎಂದು ಮಾಡಿದ್ದು 2015ರಲ್ಲಿ, ಶಿಕ್ಷೆ ಐದು ವರ್ಷದವರೆಗೆ. ಅಲ್ಲಿ ನೋಡುವುದು ಒಂದು ದಿನದ ಜಗಳವನ್ನಲ್ಲ, ಮತ್ತೆ ಮತ್ತೆ ನಡೆದದ್ದನ್ನು. ಬರೆಯುವವರೂ ಹಾಗೇ ಮಾಡಬೇಕು. ಪದ ಒಂದೇ ಇದ್ದರೆ ಸಾಲದು, ಎಷ್ಟು ಕಾಲದಿಂದ, ಯಾವ ಯಾವ ರೀತಿಯಲ್ಲಿ ಎನ್ನುವುದು ಜೊತೆಗೆ ಬರಬೇಕು.

ಮಕ್ಕಳನ್ನು ಬೆಳೆಸುವವರ ವಿಷಯ ಬೇರೆ. 1960ರ ದಶಕದಲ್ಲಿ ಡಯಾನಾ ಬಾಮ್‌ರಿಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ತಂದೆತಾಯಿಗಳನ್ನು ಗಮನಿಸಿ ಒಂದು ಮುಖ್ಯ ಭೇದ ಮಾಡಿದರು. ಇಬ್ಬರೂ ನಿಯಮ ಹಾಕುತ್ತಾರೆ. ಒಬ್ಬರು ಯಾಕೆ ಎಂದು ಹೇಳುತ್ತಾರೆ, ಮಗುವಿನ ಮಾತನ್ನೂ ಕೇಳುತ್ತಾರೆ. ಇನ್ನೊಬ್ಬರು "ನಾನು ಹೇಳಿದೆ, ಅಷ್ಟೇ" ಎನ್ನುತ್ತಾರೆ. ಮೊದಲಿನವರಿಗೆ ಶಿಸ್ತಿನ ತಂದೆ, ಕಟ್ಟುನಿಟ್ಟಿನ ತಾಯಿ ಎನ್ನಿ. ಎರಡನೆಯವರಿಗೆ ಅದೇ ಪದ ಕೊಡಬೇಡಿ. ಹೇಳಿದ್ದೇ ವೇದವಾಕ್ಯ ಎನ್ನುವ ತಂದೆ ಎನ್ನಿ, ಸಾಕು.

ಹೆಜ್ಜೆ 8: ಗಂಡಸಿಗೂ ಇದೇ ಪದ ಹಾಕುತ್ತಿದ್ದಿರಾ?

ಕೆಲಸ ಮಾಡಿಸುವ ಗಂಡಸು ಖಡಕ್. ಅದೇ ಕೆಲಸ ಅಷ್ಟೇ ದನಿಯಲ್ಲಿ ಮಾಡಿಸುವ ಹೆಂಗಸು ಘಟವಾಣಿ, ಬಜಾರಿ, ಗಂಡುಬೀರಿ. ನಮ್ಮ ಭಾಷೆಯಲ್ಲಿ ಇದು ನಿಜಕ್ಕೂ ನೋವಿನ ಸಂಗತಿ. ಈ ಮೂರೂ ಪದಗಳಲ್ಲಿ ಅವಳು ಏನು ಮಾಡಿದಳು ಎನ್ನುವುದಕ್ಕಿಂತ ಹೆಂಗಸಾಗಿ ಹೀಗಿರಬಾರದಿತ್ತು ಎನ್ನುವುದೇ ಇದೆ. ಬರೆದ ವಾಕ್ಯದಲ್ಲಿ ಹೆಂಗಸಿನ ಜಾಗಕ್ಕೆ ಗಂಡಸನ್ನು ಇಟ್ಟು ಓದಿ. ಪದ ನಿಂತರೆ ಇರಲಿ, ಬಿದ್ದರೆ ತೆಗೆಯಿರಿ. ದಬ್ಬಾಳಿಕೆ ಮಾಡಿದ ಹೆಂಗಸಿಗೆ ದಬ್ಬಾಳಿಕೆ ಎಂದೇ ಹೇಳಿ, ಅದು ಇಬ್ಬರಿಗೂ ಒಂದೇ ಅಳತೆ.

ಹೆಜ್ಜೆ 9: ಹೆಸರಿಡುವ ಬದಲು ಏನು ಮಾಡಿದರು ಎಂದು ಹೇಳಿ

ಕನ್ನಡದ ಶಕ್ತಿ ಇರುವುದು ಇಲ್ಲೇ ಎಂದು ನನ್ನ ನಂಬಿಕೆ. ಎದುರು ಮಾತಾಡಲು ಬಿಡುವುದಿಲ್ಲ ಎನ್ನುವುದಕ್ಕೆ ಎಷ್ಟು ಮಾತುಗಳಿವೆ ನೋಡಿ: ಅವರ ಮುಂದೆ ಯಾರೂ ಸೊಲ್ಲೆತ್ತುವುದಿಲ್ಲ, ಚಕಾರ ಎತ್ತುವುದಿಲ್ಲ, ತುಟಿಪಿಟಿಕ್ ಎನ್ನುವುದಿಲ್ಲ. ಮೂರರಲ್ಲೂ ಸ್ವಲ್ಪ ಸ್ವಲ್ಪ ವ್ಯತ್ಯಾಸ ಇದೆ. ಚಕಾರ ಎತ್ತದಿರುವುದು ವಿರೋಧಿಸದಿರುವುದು, ತುಟಿಪಿಟಿಕ್ ಎನ್ನದಿರುವುದು ಹೆದರಿ ಬಾಯಿ ಮುಚ್ಚಿರುವುದು. ಮನಸ್ಸಿಗೆ ಬಂದಂತೆ ನಡೆಸುವವರಿಗೆ ಆಡಿದ್ದೇ ಆಟ ಹೂಡಿದ್ದೇ ಲಗ್ಗೆ. ಹಿಂದೆ ನಿಂತು ನಡೆಸುವವರಿಗೆ ಸೂತ್ರಧಾರ, ಮುಂದೆ ನಿಂತವರಿಗೆ ಕೈಗೊಂಬೆ. ಗುಟ್ಟು ತಿಳಿದು ಹಿಡಿತ ಸಾಧಿಸಿದವರ ಕೈಯಲ್ಲಿ ಇನ್ನೊಬ್ಬರ ಜುಟ್ಟು ಇರುತ್ತದೆ.

ಒಂದು ವಿಷಯ ಗಮನಿಸಿದ್ದೀರಾ? ಹಿಡಿತದ ನಮ್ಮ ಮಾತುಗಳಲ್ಲಿ ಎಷ್ಟೋ ಪ್ರಾಣಿ ಪಳಗಿಸುವುದರಿಂದ ಬಂದಿವೆ. ಆನೆಗೆ ಅಂಕುಶ, ಕುದುರೆಗೆ ಲಗಾಮು, ಕಡಿವಾಣ, ಎತ್ತಿಗೆ ಮೂಗುದಾರ. "ಅವಳಿಗೆ ಮೂಗುದಾರ ಹಾಕಬೇಕು" ಎಂದು ಯಾರಾದರೂ ಹೇಳಿದರೆ ಹೇಳಿದವರು ಅವಳನ್ನು ಏನೆಂದು ನೋಡುತ್ತಿದ್ದಾರೆ ಎನ್ನುವುದು ಗೊತ್ತಾಗಿಬಿಡುತ್ತದೆ. ಅದನ್ನು ಪಾತ್ರದ ಬಾಯಲ್ಲಿ ಇಡಿ, ನಿಮ್ಮ ಮಾತಾಗಿ ಬರೆಯಬೇಡಿ. ಬೆಲೆಗೆ ಕಡಿವಾಣ, ಖರ್ಚಿಗೆ ಲಗಾಮು ಎಂದರೆ ತೊಂದರೆ ಇಲ್ಲ.

ಇನ್ನೊಂದು, ಕನ್ನಡದಲ್ಲಿ ಏಕವಚನವೇ ಒಂದು ತೀರ್ಪು. "ಸರ್ವಾಧಿಕಾರಿ ಓಡಿಹೋದ" ಎಂದು ಬರೆದರೆ ಗೌರವ ತೆಗೆದಾಯಿತು, "ಓಡಿಹೋದರು" ಎಂದರೆ ಉಳಿಯಿತು. ಇತಿಹಾಸದ ರಾಜರಿಗೆ ಏಕವಚನ ನಮ್ಮಲ್ಲಿ ಬೈಗುಳವೇನೂ ಅಲ್ಲ, ಆದರೆ ಬದುಕಿರುವವರ ಬಗ್ಗೆ ಬರೆಯುವಾಗ ಒಂದು ಪುಟದೊಳಗೆ ಒಮ್ಮೆ ಅವನು, ಒಮ್ಮೆ ಅವರು ಎಂದು ಬಂದರೆ ಬರೆದವರ ಸಿಟ್ಟೇ ಮೊದಲು ಕಣ್ಣಿಗೆ ಬೀಳುತ್ತದೆ.

ಹೆಜ್ಜೆ 10: ದೂರು ಬರೆಯುತ್ತಿದ್ದರೆ

ಬಹುವಚನ ಬಳಸಿ, ಅವರ ಮೇಲೆ ಎಷ್ಟೇ ಸಿಟ್ಟಿದ್ದರೂ. ಸ್ವಭಾವದ ಪದ ತೆಗೆಯಿರಿ: ದರ್ಪದವರು, ಕ್ರೂರಿ, ಸರ್ವಾಧಿಕಾರಿ. ಅವು ನಿಮ್ಮ ಅಭಿಪ್ರಾಯ ಎಂದು ಪಕ್ಕಕ್ಕೆ ಸರಿಸುವುದು ಸುಲಭ. ಅವುಗಳ ಬದಲು ಕೆಲಸಕ್ಕೆ ಹೆಸರಿಡುವ ಪದಗಳನ್ನು ಹಾಕಿ: ಬೆದರಿಕೆ, ಕಿರುಕುಳ, ತಾರತಮ್ಯ, ಅಧಿಕಾರ ದುರ್ಬಳಕೆ, ಬಲವಂತ. ಒಂದೊಂದರ ಕೆಳಗೂ ದಿನ, ಹೊತ್ತು, ಆಡಿದ ಮಾತು, ಯಾರು ಇದ್ದರು, ಆಮೇಲೆ ಏನಾಯಿತು ಎಂದು ಬರೆಯಿರಿ. ಬೆದರಿಕೆ ಎಂದರೆ ಏನೆಂದು ಬೆದರಿಸಿದರು ಎನ್ನುವುದು ಬೇಕು. ತಾರತಮ್ಯ ಎಂದರೆ ಯಾರಿಗೆ ಒಂದು, ಯಾರಿಗೆ ಇನ್ನೊಂದು ಎನ್ನುವುದು ಬೇಕು. ಆಡಿದ ಮಾತನ್ನು ಆಡಿದಂತೆಯೇ, ಏಕವಚನದಲ್ಲಿ ಬೈದಿದ್ದರೆ ಏಕವಚನದಲ್ಲೇ ಉದ್ಧರಣ ಚಿಹ್ನೆಯೊಳಗೆ ಇಡಿ. ಅವರ ದರ್ಪ ಅಲ್ಲೇ ಕಾಣುತ್ತದೆ, ನೀವು ಹೇಳಬೇಕಾಗಿಲ್ಲ.

ಬರೆದು ಮುಗಿದ ಮೇಲೆ ಮೊದಲ ಹೆಜ್ಜೆಯ ಮೂರು ಪ್ರಶ್ನೆಗೂ ಆ ಕಾಗದದಲ್ಲಿ ಉತ್ತರ ಇದೆಯಾ ನೋಡಿ. ಪಕ್ಕದವರ ಅರ್ಧ ಪುಟದಲ್ಲಿ ಎರಡಕ್ಕೆ ನೇರವಾಗಿಯೇ ಇತ್ತು. ಮೂರನೆಯದಕ್ಕೆ ಉತ್ತರ ಆ ಕಾಗದ ಕೊಟ್ಟದ್ದೇ, ಇನ್ನೊಂದು ಬಾಗಿಲು ತೆರೆದಿದೆಯಾ ಎಂದು ತಟ್ಟಿ ನೋಡಿದ್ದು.